ಕಸ್ತೂರೆವ್ವನ ಹೆಬ್ಬೆರಳು

ನಿಪ್ಪಾಣಿಯ ಕಸ್ತೂರೆವ್ವನಿಗೆ ಗರ್ವ ಜಾಸ್ತಿ ಅನ್ನುತ್ತಾರೆ. ಅನ್ನಲಿ ಬಿಡಿ, ಇರಬೇಕಾದವಳಿಗೇ ಇದೆ! ಲಂಗ ಉಡುವ ವಯಸ್ಸಿನಿಂದ ಬೀಡಿ ಕಟ್ಟಿದವಳು. ಅವಳ ಒಂದು ಬೀಡಿಯನ್ನೂ ಯಾರೂ ‘ಛಾಟ್’ ಎಂದು ಬದಿಗೆ ತಳ್ಳಿದ್ದಿಲ್ಲ. ಅಷ್ಟು ಬಿಗಿ, ಝಾಡಿಸಿದರೂ ಚೂರು ತಂಬಾಕು ಉದುರದು.

ತಂಬಾಕಿನ ವಖಾರದ ಶ್ರೇಣಿಕ ಸಾವಕಾರರು ನಮ್ಮೂರ ತಂಬಾಕಿನ ಎಲೆಯಲ್ಲೇ ದುಬಾರಿ ಸಿಗಾರ್ ಸುತ್ತಿಸಲು ಹೊರಟರು. ಯಾರ ಸಿಗಾರ್ ಪಾಸಾಗುತ್ತದೋ ಅವರೇ ಆ ಕೆಲಸಕ್ಕೆ ಮುಖ್ಯಸ್ಥರು ಎಂದು ಹೊಸ ಕೋಣೆಯಲ್ಲಿ ಕುರ್ಚಿಯನ್ನೂ ಹಾಕಿಸಿದರು. ಕಸ್ತೂರೆವ್ವ ಓಣಿಗೆಲ್ಲ ಸಾರಿಬಿಟ್ಟಳು: “ಆ ಕುರ್ಚಿ ನಂದ, ತಿಳೀತಿಲ್ಲೊ!”

ಸಾವಕಾರರು ಜೈನರು, ಹೊಗೆ ಬಾಯಿಗೆ ಸೋಕಿಸಿದವರಲ್ಲ. ರುಚಿ ನೋಡುವವನು ಬಸವಂತ, ಕಸ್ತೂರೆವ್ವನ ಒಡಹುಟ್ಟಿದ ಅಣ್ಣ. ರುಚಿ ನೋಡುವ ದಿನ ಅವನು ಖಾರ ಮುಟ್ಟುವುದಿಲ್ಲ. ಹಾಲು-ರೊಟ್ಟಿ ಉಂಡು ಬರುತ್ತಾನೆ. ಎಂಥ ಮಾಲೇ ಇರಲಿ, ಮೂರೇ ದಮ್ಮು. ಆಮೇಲೆ ಬಟ್ಟಲಲ್ಲಿ ಹೊಸಕಿ ತೀರ್ಪು ಹೇಳುತ್ತಾನೆ.

ತಂಗಿಯ ಸಿಗಾರನ್ನು ಮೂಸಿದ, ಹೊತ್ತಿಸಿದ, ಎಳೆದ. ಗಲ್ಲಗಳು ಒಳಗೆ ಹೋದವೇ ಹೊರತು ಹೊಗೆ ಬರಲಿಲ್ಲ.

“ಛಾಟ್,” ಎಂದ.

“ಅಣ್ಣಾ!”

“ಅಣ್ಣ ಮನ್ಯಾಗ. ಇಲ್ಲಿ ನಾನು ಬರೇ ನಾಲಿಗಿ. ನೀ ದಪ್ಪನ ಬೀಡಿ ಕಟ್ಟೀದಿ ತಂಗಿ. ಸಿಗಾರಿಗೆ ಉಸಿರಾಡಾಕ ಜಾಗಾ ಬೇಕ.”

ಎಲ್ಲರೆದುರು ಹೀಗೆ! ಕಸ್ತೂರೆವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ, “ಸಾವ್ಕಾರ್ರ, ಇನ್ನೊಂದ ಸಲ ನೋಡ್ರಿ,” ಎಂದು ಕೇಳಿಯೇ ಎದ್ದಳು. ಸಾವಕಾರರು ಒಪ್ಪಿದರು.

ಮನೆಯಲ್ಲಿ ಸೊಸೆ ನೀಲಮ, “ನಮಗ ಬೀಡೀನ ಸಾಕ್ರಿ ಅತ್ತಿ,” ಎಂದಳು.

“ಬಾಯಿ ಮುಚ್ಚಗೊಂಡ ಕುಂದ್ರ ಬೇ!”

ಎಲೆಗಳನ್ನು ಉದ್ದುದ್ದ ಮಡಚಿ ಸುತ್ತಲು ಕೂತಳು. ಬುದ್ಧಿಗೆ ತಿಳಿದರೇನು, ಹೆಬ್ಬೆರಳು ಕೇಳಬೇಕಲ್ಲ! ಬೀಡಿ ಕಟ್ಟಿದ ರೂಢಿಗೆ ತಾನಾಗಿ ಅದುಮುತ್ತಿತ್ತು. ಬಿಚ್ಚಿದಳು, ಸುತ್ತಿದಳು, ಬೈದಳು. ಕೊನೆಗೆ ಹಳೆ ಸೀರೆಯ ಚಿಂದಿಯನ್ನು ಹೆಬ್ಬೆರಳಿಗೆ ದಪ್ಪಗೆ ಸುತ್ತಿಕೊಂಡಳು. ಈಗ ಅದುಮು ನೋಡೋಣ! ವಾರಗಟ್ಟಲೆ ಆ ಚಿಂದಿ ಬಿಚ್ಚಲಿಲ್ಲ. ರೊಟ್ಟಿ ಬಡಿಯುವುದನ್ನೂ ಸೊಸೆಗೆ ಬಿಟ್ಟಳು.

ಎರಡನೇ ಪರೀಕ್ಷೆಗೂ ಚಿಂದಿ ಕಟ್ಟಿಕೊಂಡೇ ಹೋದಳು. ಬಸವಂತ ಹೊತ್ತಿಸಿದ. ಒಂದು ದಮ್ಮು. ಹೊಗೆ ಸರಾಗ ಬಂತು. ಎರಡು. ಬೆಳ್ಳನೆಯ ಬೂದಿ ಮುರಿಯದೆ ನಿಂತಿತು. ಮೂರು. ಅವನ ಕೈ ಬಟ್ಟಲಿನತ್ತ ಇಳಿಯಿತು. ಅರ್ಧಕ್ಕೆ ನಿಂತ ಕೈ ತಿರುಗಿ ಬಾಯಿಗೆ ಹೋಯಿತು.

“ಬಸವಂತಪ್ಪಾ, ಮೂರ ಆದ್ವು. ಪಾಸೋ, ಛಾಟೋ?” ಸಾವಕಾರರು ಕೇಳಿದರು.

ಬಸವಂತ ಕಣ್ಣು ತೆರೆಯಲಿಲ್ಲ. “ತಡೀರಿ ಸಾವ್ಕಾರ್ರ, ಇದ ಮುಗೀಲಿ.”

ಕಸ್ತೂರೆವ್ವ ತೀರ್ಪಿಗೆ ಕಾಯಲಿಲ್ಲ. ಹೆಬ್ಬೆರಳಿನ ಚಿಂದಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಸ ಕೋಣೆಗೆ ಹೋಗಿ ಕುರ್ಚಿಯ ಮೇಲೆ ಕೂತುಬಿಟ್ಟಳು.