ಪರೀಕ್ಷೆ ಇಲ್ಲದ ವಿಷಯ

ಗುಂಡ್ಲುಪೇಟೆಯ ಹೈಸ್ಕೂಲಿಗೆ ಚಿತ್ರಕಲಾ ಶಿಕ್ಷಕಿಯಾಗಿ ಬಂದಾಗ ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕ ಜಾಗ ವಾಲಿಬಾಲುಗಳನ್ನು ಇಡುವ ಬೀರುವಿನ ಪಕ್ಕದ್ದು. ಫ್ಯಾನಿನ ಕೆಳಗೆ ಗಣಿತ ಮತ್ತು ವಿಜ್ಞಾನದವರು ಕೂರುತ್ತಿದ್ದರು. ಕಿಟಕಿಯ ಹತ್ತಿರ ಭಾಷೆಯವರು, ಗೋಡೆ ಬದಿಗೆ ಸಮಾಜ ವಿಜ್ಞಾನದವರು. ಹೀಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ, ಆದರೆ ಯಾರೂ ಜಾಗ ಬದಲಿಸುತ್ತಲೂ ಇರಲಿಲ್ಲ. ಬೀರುವಿನ ಪಕ್ಕ ದೈಹಿಕ ಶಿಕ್ಷಕರು ಮತ್ತು ನಾನು. ನಮ್ಮಿಬ್ಬರನ್ನು ಕರೆಯುವುದು ‘ವಿಶೇಷ ಶಿಕ್ಷಕರು’ ಎಂದು.

ಆ ವಿಶೇಷ ಎಂಥದ್ದು ಅನ್ನುವುದು ಬೇಗನೆ ತಿಳಿಯಿತು. ಯಾರು ರಜೆ ಹಾಕಿದರೂ ಅವರ ಕ್ಲಾಸಿಗೆ ನಾವು ಹೋಗಬೇಕು. ಅಧಿಕಾರಿಗಳು ಬರುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ದೈಹಿಕ ಶಿಕ್ಷಕರ ಕೆಲಸ, ಬಾಗಿಲಿಗೆ ರಂಗೋಲಿ ಹಾಕುವುದು ನನ್ನದು. ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯ ಚಿತ್ರಕಲೆ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತಿತ್ತು. ಕೇಳಿ ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ನಾನು ಬಣ್ಣದ ಡಬ್ಬಿ ಹಿಡಿದು ಬಾಗಿಲಿಗೆ ಹೋಗುವಷ್ಟರಲ್ಲಿ ಒಳಗೆ ಪಾಠ ಶುರುವಾಗಿರುತ್ತಿತ್ತು. ನಾನು ವಾಪಸ್ಸು ಬರುತ್ತಿದ್ದೆ.

ಜೀವಶಾಸ್ತ್ರದ ಮೇಷ್ಟ್ರು ಮಾತ್ರ ಒಂದು ದಿನ ಬೀರುವಿನ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಬಹಳ ಮೃದು.

“ಮೇಡಂ, ನಮ್ ಮಕ್ಳು ಪಾಠನೆಲ್ಲ ಬಾಯಿಪಾಠ ಮಾಡ್ತವೆ. ಚಿತ್ರ ಬರಿ ಅಂದ್ರೆ ಜಾಗ ಖಾಲಿ ಬಿಟ್ಟು ಬರ್ತವೆ. ಹೃದಯ, ಮೆದುಳು, ಕಣ್ಣು, ಹೂವು ಇಷ್ಟು ಬರೆದ್ರೆ ಎಷ್ಟೋ ಜನ ಪಾಸಾಗ್ತಾರೆ. ನೀವು ಸ್ವಲ್ಪ ಬರೆಸ್ತೀರಾ?”

ನನಗಾದ ಸಂತೋಷವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಅಷ್ಟು ವರ್ಷಗಳಲ್ಲಿ ಫ್ಯಾನಿನ ಕೆಳಗಿನವರೊಬ್ಬರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಂದು ಸಂಜೆಯೇ ಅವರ ಪುಸ್ತಕ ಮನೆಗೆ ಒಯ್ದೆ.

ಪುಸ್ತಕದ ಚಿತ್ರಗಳು ಮಕ್ಕಳಿಗೆ ಹೆದರಿಕೆ ಹುಟ್ಟಿಸುವ ಹಾಗಿದ್ದವು. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಬೇಲಿಯಂಚಿನ, ಅಡುಗೆಮನೆಯ ವಸ್ತುಗಳಿಂದ ಶುರು ಮಾಡಿಸೋಣ ಅನ್ನಿಸಿತು. ಹೃದಯಕ್ಕೆ ಮೊದಲು ಒಂದು ಗುಂಡು ಬದನೇಕಾಯಿಯನ್ನು ಓರೆಯಾಗಿ ಬರೆಯಿರಿ, ತೊಟ್ಟಿನ ಕಡೆಯಿಂದ ರಕ್ತನಾಳಗಳು ಏಳುತ್ತವೆ ಎಂದೆ. ಮೂತ್ರಪಿಂಡದ ನೆಫ್ರಾನ್ ಅಂದರೆ ಬಟ್ಟಲಿಗೆ ಸಿಕ್ಕಿಸಿದ ಹೇರ್‌ಪಿನ್ನು. ಚೆಂಡುಹೂವಿನ ಕೊಯ್ಲಿಗೆ ಹೋಗಿ ಕ್ಲಾಸು ತಪ್ಪಿಸಿಕೊಂಡ ಮಕ್ಕಳನ್ನು ಊಟದ ಬಿಡುವಿನಲ್ಲಿ ಕೂರಿಸಿ ಬರೆಸಿದೆ. ಪೆನ್ಸಿಲ್ಲು ಹಿಡಿದರೆ ಬೆವರುತ್ತಿದ್ದ ಕೈಗಳು ಒಂದು ತಿಂಗಳಲ್ಲಿ ಕಣ್ಣು ಮುಚ್ಚಿಕೊಂಡು ಹೃದಯ ಬರೆಯುವ ಹಾಗಾದವು. ಮೇಷ್ಟ್ರು ಕಿಟಕಿಯಲ್ಲಿ ನಿಂತು ನೋಡಿ, “ಅದ್ಭುತ ಮೇಡಂ” ಎಂದು ಹೋಗುತ್ತಿದ್ದರು.

ಆ ಸಲ ವಿಜ್ಞಾನದಲ್ಲಿ ಫೇಲಾದವರು ಬಹಳ ಕಡಿಮೆ. ಮೇಷ್ಟ್ರು ಮನೆಯಿಂದ ಕೋಡುಬಳೆ ಮಾಡಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಅದನ್ನು ದೈಹಿಕ ಶಿಕ್ಷಕರೊಂದಿಗೆ ಹಂಚಿಕೊಂಡು ತಿಂದೆ. “ಉಷಾರು ಮೇಡಂ. ನಮ್ ಕೈಲಿ ಕೆಲ್ಸ ತಗಳೋರು ಚೆನ್ನಾಗೇ ಮಾತಾಡ್ತಾರೆ” ಎಂದರು ಅವರು. ಹೊಟ್ಟೆಕಿಚ್ಚಿನ ಮಾತು ಅಂದುಕೊಂಡೆ.

ಮುಂದಿನ ವರ್ಷ ನಮ್ಮ ಮೇಷ್ಟ್ರಿಗೆ ಉತ್ತಮ ಶಿಕ್ಷಕ ಪ್ರಶಸ್ತಿ ಬಂತು. ಸಮಾರಂಭ ಚಾಮರಾಜನಗರದಲ್ಲಿ. ನನಗೂ ಹೋಗಲು ಹೇಳಿದರು, ವೇದಿಕೆಯ ಮುಂದೆ ರಂಗೋಲಿ ಹಾಕುವುದಕ್ಕೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋಗಿ, ಬಗ್ಗಿ ಕೂತು ಹಾಕಿದೆ. ಜನ ತುಂಬುವ ಹೊತ್ತಿಗೆ ಕೈಗೆ ಮೆತ್ತಿದ ಬಣ್ಣದ ಪುಡಿ ಕೊಡವುತ್ತಾ ಪಕ್ಕದ ಬಾಗಿಲಲ್ಲಿ ನಿಂತಿದ್ದೆ.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮೇಷ್ಟ್ರ ಕೈಗೆ ಮೈಕು ಕೊಟ್ಟರು. ನಿಮ್ಮ ಬೋಧನಾ ವಿಧಾನದ ಬಗ್ಗೆ ಎರಡು ಮಾತು ಹೇಳಿ ಎಂದರು.

“ಹಳ್ಳಿ ಮಕ್ಕಳಿಗೆ ಅವರು ಕಂಡಿದ್ದರ ಮೂಲಕವೇ ವಿಜ್ಞಾನ ಹೇಳಬೇಕು,” ಎಂದು ಅವರು ಶುರು ಮಾಡಿದರು. “ಹೃದಯವನ್ನು ನಾನು ಓರೆಯಾಗಿಟ್ಟ ಬದನೇಕಾಯಿಯಿಂದ ಬರೆಸುತ್ತೇನೆ. ನೆಫ್ರಾನ್ ಅನ್ನು ಬಟ್ಟಲಿಗೆ ಸಿಕ್ಕಿಸಿದ ಹೇರ್‌ಪಿನ್ನಿನಿಂದ.”

ಸಭೆ ಚಪ್ಪಾಳೆ ತಟ್ಟಿತು. ಈಗ ನನ್ನ ಹೆಸರು ಹೇಳುತ್ತಾರೆ, ಇನ್ನೇನು ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಮೇಲಿನ ಅಧಿಕಾರಿಗಳಿಗೆ, ಮುಖ್ಯೋಪಾಧ್ಯಾಯಿನಿಗೆ, ತಂದೆತಾಯಿಗೆ, ಹೆಂಡತಿಗೆ ಕೃತಜ್ಞತೆ ಹೇಳಿ ಅವರು ಮೈಕು ವಾಪಸ್ಸು ಕೊಟ್ಟರು.

ಊಟದ ಸಾಲಿನಲ್ಲಿ ಅವರೇ ಎದುರಾದರು. ಮುಖದಲ್ಲಿ ಅಳುಕೇನೂ ಇರಲಿಲ್ಲ. “ರಂಗೋಲಿ ತುಂಬಾ ಚೆನ್ನಾಗಿತ್ತು ಮೇಡಂ” ಎಂದರು.

“ಬದನೇಕಾಯಿ ಯಾರ್ದು ಮೇಷ್ಟ್ರೇ?” ಎಂದೆ.

ಅವರಿಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. “ನಿಮ್ ಹೆಸ್ರು ಹೇಳಿದ್ರೆ ನಿಮ್ಗೇನು ಸಿಕ್ತಿತ್ತು ಹೇಳಿ? ನಿಮ್ ಸಬ್ಜೆಕ್ಟ್‌ಗೆ ಪರೀಕ್ಷೇನೇ ಇಲ್ಲ, ರಿಸಲ್ಟೂ ಇಲ್ಲ. ನನ್ ಪ್ರಶಸ್ತಿ ಫೈಲಿಗಾದ್ರೂ ಉಪಯೋಗಕ್ಕೆ ಬಂತು. ಬೇಜಾರ್ ಮಾಡ್ಕೋಬೇಡಿ ಮೇಡಂ, ಒಂದೇ ಸ್ಕೂಲ್ನೋರಲ್ವಾ ನಾವು?”

ಎಲೆ ಮುಂದೆ ಕೂರದೆ ಬಸ್ ಸ್ಟ್ಯಾಂಡಿಗೆ ನಡೆದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೆರಕಣಾಂಬಿ ದಾಟುವವರೆಗೂ ಅವರಿಗೆ ಕೊಡಬೇಕಾಗಿದ್ದ ಉತ್ತರಗಳು ಒಂದೊಂದಾಗಿ ಹೊಳೆಯುತ್ತಲೇ ಇದ್ದವು. ಉಗುರಿನ ಸಂದಿಯ ಕೆಂಪು ಬಣ್ಣ ಎರಡು ದಿನ ಹೋಗಲಿಲ್ಲ.

ಆ ವರ್ಷ ನಾನು ವಿಜ್ಞಾನದ ಚಿತ್ರ ಬರೆಸಲಿಲ್ಲ. ಮೇಷ್ಟ್ರು ಎರಡು ಸಲ ಜ್ಞಾಪಿಸಿದರು. “ನನ್ ಸಬ್ಜೆಕ್ಟ್ ಬೇರೆ ಇದೆಯಲ್ಲ” ಎಂದೆ. ಅವರು ಭುಜ ಕುಣಿಸಿ ಹೋದರು. ಪ್ರಶಸ್ತಿ ಬಂದಾಗಿತ್ತು, ಅವರಿಗೆ ಇನ್ನು ಅವಸರವಿರಲಿಲ್ಲ. ನನ್ನ ಸಿಟ್ಟು ಅವರಿಗೆ ತಟ್ಟಲೇ ಇಲ್ಲ. ತಟ್ಟಿದ್ದು ಯಾರಿಗೆ ಅನ್ನುವುದನ್ನು ಹಂಗಳದಿಂದ ಬರುವ ಹತ್ತನೇ ತರಗತಿಯ ಒಬ್ಬ ಹುಡುಗಿ ಹೇಳಿದಳು. ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು, ಹಿಂದೆ ಮೂರ್ನಾಲ್ಕು ಗೆಳತಿಯರು.

“ಮಿಸ್, ಓದ್ ವರ್ಸದೋರ್ಗೆಲ್ಲ ನೀವೇ ಬರ್ಸುದ್ರಂತಲ್ಲ, ನಮ್ಗ್ಯಾಕ ಬರ್ಸಲ್ಲ? ನಾವೇನ್ ಮಾಡ್ಬುಟ್ಟೊ?”

“ನಿಮ್ಮ ಮೇಷ್ಟ್ರನ್ನ ಕೇಳು.”

“ಕೇಳ್ದೊ ಮಿಸ್. ಅವ್ರು ಬದ್ನೆಕಾಯಿ ಬರ್ದ್ರು. ಅದು ಬದ್ನೆಕಾಯಾಗೇ ಉಳ್ಕತ್ತು.”

ಗೆಳತಿಯರು ನಕ್ಕರು. ಅವಳು ನಗಲಿಲ್ಲ. “ನಮ್ಮಪ್ಪ ಫೇಲಾದ್ರೆ ಓದ್ಸಲ್ಲ ಅಂದ್ಬುಟ್ಟದೆ ಮಿಸ್” ಎಂದಳು.

ಅಂದು ಊಟದ ಬಿಡುವಿನಲ್ಲೇ ಶುರು ಮಾಡಿದೆ. ಸೋತೆ ಅನ್ನಿಸಿತು, ಆದರೆ ಮಕ್ಕಳ ಮುಂದೆ ಮುಖ ಗಂಟು ಹಾಕಿಕೊಂಡು ಪಾಠ ಮಾಡುವ ಹಾಗಿರಲಿಲ್ಲ. ಆ ಹುಡುಗಿ ಪಾಸಾದಳು. ಮೇಷ್ಟ್ರು ಈ ಬಾರಿ ಕೋಡುಬಳೆ ತರಲಿಲ್ಲ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಆಮೇಲೆ. ಜೂನ್ ತಿಂಗಳ ಮೀಟಿಂಗಿನಲ್ಲಿ ಮುಖ್ಯೋಪಾಧ್ಯಾಯಿನಿ ನನ್ನ ಕಡೆ ತಿರುಗಿ ನಗುತ್ತಾ ಹೇಳಿದರು: “ಈ ವರ್ಷದಿಂದ ಒಂಬತ್ತು, ಹತ್ತು ಎರಡಕ್ಕೂ ಡ್ರಾಯಿಂಗ್ ಪೀರಿಯಡ್‌ನಲ್ಲಿ ಸೈನ್ಸ್ ಚಿತ್ರಗಳನ್ನೇ ಬರೆಸಿ. ಹೇಗೂ ಅದನ್ನೇ ಮಾಡ್ತಿದ್ದೀರಲ್ಲ. ಮೇಷ್ಟ್ರು ಜೊತೆಗೆ ಇರ್ತಾರೆ, ತಪ್ಪಿದ್ರೆ ತಿದ್ತಾರೆ.”

ದೈಹಿಕ ಶಿಕ್ಷಕರು ನೆಲ ನೋಡುತ್ತಾ ಕೂತಿದ್ದರು. ಭಾಷೆಯವರಿಗೆ ತಮ್ಮ ಪೀರಿಯಡ್ಡು ಉಳಿದರೆ ಸಾಕಿತ್ತು. “ಹಾಗಾದ್ರೆ ಚಿತ್ರಕಲೆ ಯಾವಾಗ ಮೇಡಂ?” ಎಂದು ಕೇಳಿದೆ. “ಇದೂ ಚಿತ್ರಾನೇ ಅಲ್ವಾ?” ಎಂದರು. ಎಲ್ಲರೂ ನಕ್ಕರು. ಮೀಟಿಂಗಿನ ಪುಸ್ತಕ ನನ್ನ ಮುಂದೆ ಬಂದಾಗ ಸಹಿ ಹಾಕಿದೆ.

ಒಂಬತ್ತನೇ ತರಗತಿಯವರನ್ನು ಹಿಂದಿನ ವಾರವಷ್ಟೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿದ್ದೆ. ಕೇರಳದ ಲಾರಿಗಳು, ತರಕಾರಿ ಮೂಟೆಗಳು, ಊಟಿ ಕಡೆ ಹೋಗುವ ಕಾರುಗಳ ಸಾಲು, ಎಲ್ಲವನ್ನೂ ನೋಡಿ ಬಂದು ಬರೆಯುತ್ತಿದ್ದರು. ಮೊದಲ ಬಾರಿಗೆ ಅವರ ಚಿತ್ರಗಳಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ ಇರಲಿಲ್ಲ. ನಾನು ಹೊಸ ಏರ್ಪಾಟು ಹೇಳಿದಾಗ ಮುಂದಿನ ಬೆಂಚಿನ ಹುಡುಗಿ ಲಾರಿಯ ಟಾರ್ಪಾಲಿಗೆ ನೀಲಿ ಬಳಿಯುತ್ತಿದ್ದಳು.

“ಇದ ಮುಗ್ಸದು ಯಾವಾಗ ಮಿಸ್?”

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಪುಸ್ತಕ ಹಿಡಿದು ಒಳಗೆ ಬಂದರು. “ಆ ಪೇಂಟಿಂಗೆಲ್ಲ ಮನೇಲಿಟ್ಕೊಳಿ, ಈಗ ಪಾಠ” ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಸೀಮೆಸುಣ್ಣ ಕೈಗೆ ತೆಗೆದುಕೊಂಡೆ. ಹಸಿ ಚಿತ್ರವನ್ನು ನೋಟ್‌ಬುಕ್ಕಿನ ನಡುವೆ ಇಟ್ಟು ಮುಚ್ಚಿದಳು.