ಆಕಳಿನ ಕುಬಸಕ್ಕೆ ಹೋದ ಬರದ ಕಣಕಿ

2023ರ ಮುಂಗಾರಿನಲ್ಲಿ ನಾನು ಸೇಡಂನಲ್ಲಿ ಒಂದು ಪರಿಹಾರ ಸಂಸ್ಥೆಯ ಕ್ಷೇತ್ರ ಸಂಯೋಜಕ. ನಮ್ಮದು ‘ಮುಂಚಿತ ನೆರವು’. ಬರ ಬಿದ್ದ ಮೇಲೆ ಓಡುವುದಲ್ಲ, ಲಕ್ಷಣ ಕಂಡಾಗಲೇ ಮೇವು, ನೀರು ಮುಟ್ಟಿಸುವುದು. ಆಗದ್ದನ್ನು ಮೊದಲೇ ಚಿಂತಿಸಲು ಸಂಬಳ ಕೊಡುತ್ತಾರೆಂದರೆ ನನ್ನ ಹೆಂಡತಿ ಇಂದಿಗೂ ನಂಬುವುದಿಲ್ಲ. ಮನೆಯಲ್ಲಿ ಅದನ್ನು ಪುಕ್ಕಟೆ ಮಾಡುತ್ತೇನೆ.

ಜೂನ್ ಒಣಗಿಯೇ ಹೋಯಿತು. ಸಾಲದ್ದಕ್ಕೆ ದನಗಳ ಚರ್ಮಗಂಟು ರೋಗದ ಸುದ್ದಿ ಹಬ್ಬಿ ಸಂತೆಯಲ್ಲಿ ದರ ಬಿದ್ದಿತ್ತು. ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ ಶರಣಮ್ಮ ಎಂಬಾಕೆ ಮೇವಿಲ್ಲದೆ ತನ್ನ ಒಂದೇ ಆಕಳನ್ನು, ಅದೂ ಎಂಟು ತಿಂಗಳ ಗಬ್ಬದ್ದನ್ನು, ಸಿಕ್ಕಷ್ಟಕ್ಕೆ ಕೊಡಲು ದಲ್ಲಾಳಿಗೆ ಹೇಳಿದ್ದಳು. ಆಕೆ ಮಾರುವ ಮೊದಲೇ ತಲುಪಬೇಕೆಂದು ಲಾರಿಗೆ ಕಣಕಿ, ಅಂದರೆ ಜೋಳದ ಒಣ ದಂಟಿನ ಮೇವು, ತುಂಬಿಸಿಕೊಂಡು ಹೊರಟೆ.

ಊರು ಮುಟ್ಟುವಷ್ಟರಲ್ಲಿ ಮಳೆ ಶುರುವಾಯಿತು.

ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. “ಸಾಹೇಬ್ರ, ಬರ ಎಲ್ಲದ್ರಿ? ಲಾರ್‍ಯಾಗ ನೀವೇ ತಂದೀರೇನು?”

ಯಾರೂ ಕಣಕಿ ಇಳಿಸಲು ಬರಲಿಲ್ಲ. ಬಿತ್ತುವ ಮಳೆ ಬಂದ ದಿನ ಬರದ ಮೇವು ಮನೆಗೊಯ್ದರೆ ಮಳೆ ಮುನಿಸಿಕೊಂಡು ಹೋಗುತ್ತದಂತೆ. ನಾನು ಹವಾಮಾನ ಮುನ್ಸೂಚನೆ ವಿವರಿಸಿದೆ. ತೊಯ್ಯುತ್ತ ನಿಂತು ಮಳೆ ಬರುವುದಿಲ್ಲ ಎಂದು ವಾದಿಸುವವನನ್ನು ನಾನಾದರೂ ನಂಬುತ್ತಿರಲಿಲ್ಲ. ಇಳಿಸಲೋ, ವಾಪಸ್ ಒಯ್ಯಲೋ? ಕಣಕಿಗೆ ಹೊದಿಸಿದ್ದ ತಾಡಪತ್ರಿ ಸೋರುತ್ತಿತ್ತು. ಎದುರಿಗೆ ಶರಣಮ್ಮನ ಅಂಗಳದಲ್ಲಿ ದಲ್ಲಾಳಿ ಹಗ್ಗ ಹಿಡಿದು ನಿಂತಿದ್ದ.

ತಲೆಗೆ ಚೀಲ ಹೊದ್ದು ಶರಣಮ್ಮ ಬಂದಳು. “ಅಣ್ಣಾರ, ಬರದ್ದು ಅಂದ್ರ ನಾ ಒಲ್ಲೆ. ನಮ್ಮ ಆಕಳಾ ತುಂಬಿದ ಬಸರಿ ಅದ. ಕುಬಸಕ್ಕ ತವರಿನವರು ತಂದೀವಿ ಅನ್ರಿ, ಇಳಿಸ್ಕೋತೀನಿ.”

ಬಸುರಿಗೆ ತವರಿನಿಂದ ಉಡುಗೊರೆ ತರುವ ಶಾಸ್ತ್ರ ಕುಬಸ. ಆಕಳಿನ ತವರು ನಮ್ಮ ಸಂಸ್ಥೆಯ ನಿಯಮಗಳಲ್ಲಿ ಎಲ್ಲೂ ಇಲ್ಲ. “ಹೂಂ ತಂಗಿ, ತವರಿಂದಾನೇ” ಎಂದುಬಿಟ್ಟೆ. ಆಕಳಿಗೆ ಕುಂಕುಮ ಹಚ್ಚಿ ನನಗೂ ಹಚ್ಚಿದಳು.

“ನಮ್ಮ ಎಮ್ಮೀನೂ ಬಸರಿ ಅದರಿ!” ಎಂದ ಕಟ್ಟೆಯಿಂದೆದ್ದ ಒಬ್ಬ.

“ನಿಂದು ಕ್ವಾಣ ಅಲ್ಲೇನೋ ಭಾಡ್ಯಾ?” ಎಂದಳು ಶರಣಮ್ಮ.

ಕೋಣಕ್ಕೂ ಕುಬಸವಾಯಿತು. ಲಾರಿ ಖಾಲಿಯಾಯಿತು. ದಲ್ಲಾಳಿ ಹಗ್ಗ ಸುತ್ತಿಕೊಂಡು ಹೋದ.

ಜುಲೈ ತುಂಬ ಮಳೆ. ಬರದ ಮೇವು ಯಾಕೆ ಕೊಟ್ಟೆ ಎಂದು ಮೇಲಿನವರು ಕೇಳಿದರು, ನನಗೂ ಗೊತ್ತಿರಲಿಲ್ಲ. ಆಗಸ್ಟಿನಲ್ಲಿ ಆಕಾಶ ಬಾಗಿಲು ಹಾಕಿತು, ತೊಗರಿ ಬಾಡಿತು. ಇನ್ನಷ್ಟು ಯಾಕೆ ಕೊಡಲಿಲ್ಲ ಎಂದು ಅವರೇ ಕೇಳಿದರು. ನಾನು ಸರಿಯೋ ತಪ್ಪೋ ಇಂದಿಗೂ ತಿಳಿದಿಲ್ಲ. ಮೊದಲೇ ಹೋಗುವವನ ಕೈಯಲ್ಲಿ ಪುರಾವೆ ಇರುವುದಿಲ್ಲ, ಜನ ಅವನನ್ನು ಒಳಗೆ ಕರೆಯಲು ಒಂದು ನಂಟಾದರೂ ಬೇಕು. ಈ ಕೆಲಸ ಕಲಿಸಿದ್ದು ಅಷ್ಟೇ.

ಆ ಬಿಸಿಲಿನಲ್ಲೇ ಐನಾಪುರದಿಂದ ಗಿಣ್ಣದ ಡಬ್ಬಿ ಬಂತು. ಆಕಳು ಹೆಣ್ಣುಗರು ಹಾಕಿತಂತೆ. ತಿನ್ನುತ್ತ ತಿನ್ನುತ್ತಲೇ ಹೊಸ ಚಿಂತೆ ಹತ್ತಿತು: ಕರುವಿನ ಸೋದರಮಾವನಾಗಿ ನಾನು ಈಗ ಏನು ಒಯ್ಯಬೇಕು?