ಬಿಟ್ಟುಬಂದ ಚಿಕ್ಕ ಬಟ್ಟಲು

ಚಿಂತಾಮಣಿಯ ಪಾತ್ರೆ ಅಂಗಡಿಯ ಶೆಟ್ಟರು ನಾಲ್ಕು ಅಳತೆಯ ಬಟ್ಟಲುಗಳಿಗೆ ಇನ್ನೂರ ನಲವತ್ತು ರೂಪಾಯಿ ಕೇಳಿದರು. ನಾನು ಮೂರನ್ನು ನೂರೈವತ್ತಕ್ಕೆ ಇಳಿಸಿ ತಂದೆ. ಬಿಟ್ಟುಬಂದದ್ದು ಎಲ್ಲಕ್ಕಿಂತ ಚಿಕ್ಕದನ್ನು. ಮುದ್ದೆ ಮುಳುಗುವಷ್ಟು ಸಾರು ಸುರಿದುಕೊಳ್ಳುವ ನಮ್ಮ ಸೀಮೆಯಲ್ಲಿ ಅಷ್ಟು ಪುಟ್ಟ ಬಟ್ಟಲಲ್ಲಿ ಉಣ್ಣುವವರು ಬೊಂಬೆಗಳು ಮಾತ್ರ ಎಂಬುದು ನನ್ನ ಅಭೇದ್ಯವಾದ ತರ್ಕ.

ಸೊಪ್ಪಿನ ಕಂತೆಯಿಂದ ಹಿಡಿದು ಮದುವೆ ಛತ್ರದವರೆಗೆ ಚೌಕಾಸಿಯಿಲ್ಲದೆ ಏನನ್ನೂ ಕೊಂಡವಳಲ್ಲ ನಾನು. ಶಿಡ್ಲಘಟ್ಟದಲ್ಲಿ ಹೊಲಿಗೆ ಅಂಗಡಿಯಿಟ್ಟು, ಸ್ವಂತ ದುಡಿಮೆಯಲ್ಲಿ, ನಲವತ್ತರ ಹೊಸ್ತಿಲಲ್ಲಿ ಸಮುದಾಯ ಪೋಷಣೆಯ ಸ್ನಾತಕೋತ್ತರ ಓದಿಗೆ ಸೇರಿದ್ದೇನೆಂಬ ಗರ್ವವೂ ಇತ್ತು. ಕೇಳದಿದ್ದರೂ ಬುದ್ಧಿ ಹೇಳುವ ಚಟವಂತೂ ಪದವಿಗೆ ಮೊದಲೇ ಪ್ರಾಪ್ತವಾಗಿತ್ತು.

ಆಹಾರತಜ್ಞೆಯಾಗಹೊರಟವರು ಮೊದಲು ಕಲಿಯಬೇಕಾದದ್ದು, ಎದುರಿನವರು ನಿನ್ನೆ ಏನೇನು ಉಂಡರೆಂದು ನೆನಪಿಸಿ ಕೇಳುವ ವಿದ್ಯೆ. ‘ಸ್ವಲ್ಪ ಸಾರು’ ಅಂದರೆ ಎಷ್ಟೆಂದು ತಿಳಿಯಲು ಬಟ್ಟಲುಗಳನ್ನು ಸಾಲಾಗಿಟ್ಟು ತೋರಿಸಬೇಕು. ನನ್ನ ಅಭ್ಯಾಸಕ್ಕೆ ಸಿಕ್ಕವರು ಸರೋಜಕ್ಕ: ನಮ್ಮ ಯಜಮಾನರ ಅಣ್ಣನ ಹೆಂಡತಿ, ನಮ್ಮ ಕೂಡುಕುಟುಂಬದ ಅಡುಗೆಮನೆಯ ಅಧಿದೇವತೆ.

ಅಕ್ಕ ಮೂರನ್ನೂ ದಿಟ್ಟಿಸಿದರು. “ಇದಕ್ಕಿಂತ ಚಿಕ್ಕದಿಲ್ವೇನಮ್ಮ?”

“ಇದೇನು ಪಾತ್ರೆ ಅಂಗಡೀನಾ ಅಕ್ಕ? ಇರೋದ್ರಲ್ಲಿ ಒಂದು ತೋರ್ಸಿ.”

“ಹಂಗಾದ್ರೆ ಇದೇ ಅನ್ಕೋ,” ಎಂದು ಒಂದನ್ನು ಮುಟ್ಟಿ ಒಲೆಯ ಕಡೆ ತಿರುಗಿದರು. ಅಕ್ಕನ ಊಟ ಸಮೃದ್ಧವೆಂದು ನಾನು ನಿರ್ಣಯಿಸಿ, ತರಗತಿಯಲ್ಲಿ ಶಹಬ್ಬಾಸ್ ಕೂಡ ಗಿಟ್ಟಿಸಿದೆ.

ಕೆಲವು ತಿಂಗಳ ನಂತರ ಒಂದು ಬೆಳಗ್ಗೆ, ನನ್ನ ಊಟದ ಡಬ್ಬಿ ಕಟ್ಟಿಕೊಟ್ಟು ಬಟ್ಟೆ ಹಿಂಡಲು ಹೋದ ಅಕ್ಕ ಕಣ್ಣುಕತ್ತಲೆ ಬಂದು ಕುಸಿದರು. ಚಿಕ್ಕಬಳ್ಳಾಪುರದಲ್ಲಿ ನಾನು ತರಬೇತಿಗೆ ಹೋಗುತ್ತಿದ್ದ ಆಸ್ಪತ್ರೆಗೇ ಕರೆದೊಯ್ದೆವು. ಮೈಯಲ್ಲಿ ರಕ್ತವೇ ಇಲ್ಲ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನನಗೆ ಕಲಿಸುತ್ತಿದ್ದ ಹಿರಿಯ ಆಹಾರತಜ್ಞೆ ಬಂದು, “ಮನೇಲಿ ಊಟ ಹೇಗಮ್ಮ?” ಎಂದಾಗ ರೋಗಿಗಿಂತ ಮೊದಲು ಬಾಯಿಬಿಟ್ಟವಳು ನಾನು.

“ಊಟಕ್ಕೇನೂ ಕೊರತೆಯಿಲ್ಲ ಮೇಡಂ, ನಾನೇ ಅಳೆದಿದ್ದೀನಿ.”

ಮೇಡಂ ತಮ್ಮ ನಾಲ್ಕು ಬಟ್ಟಲುಗಳನ್ನು ಮಂಚದ ಮೇಲಿಟ್ಟರು. ಅಕ್ಕನ ಬೆರಳು ನೇರವಾಗಿ, ನಾನು ಬೊಂಬೆಗಳಿಗೆಂದು ಬಿಟ್ಟುಬಂದಿದ್ದ ಅಳತೆಯದಕ್ಕೆ ಹೋಯಿತು.

“ಇದೂ ತುಂಬ ಇರಲ್ಲ. ಗಟ್ಟಿ ಕಾಳೆಲ್ಲ ಇವಳ ಡಬ್ಬಿಗೆ ಹಾಕ್ಬಿಡ್ತೀನಿ. ಓದೋ ಹುಡ್ಗಿ, ಪಾಪ, ಬಸ್ಸಲ್ಲಿ ಅಲೀತಾಳೆ. ಎಲ್ರೂ ಉಂಡ್ಮೇಲೆ ತಿಳಿ ಮಿಕ್ಕಿರುತ್ತೆ, ನಂಗೆ ಸಾಕು.”

ಆ ನಲವತ್ತರ ಹುಡುಗಿಯ ಹೆಗಲ ಚೀಲದಲ್ಲಿ ಡಬ್ಬಿ ಇನ್ನೂ ಬೆಚ್ಚಗಿತ್ತು. ಅಂಥದೇ ಡಬ್ಬಿಯ ಅವರೆಕಾಳು ಮೆದ್ದು ನಾನು ಮಂಚೇನಹಳ್ಳಿಯ ತಾಯಂದಿರಿಗೆ ಕಾಳಿನ ಮಹಿಮೆಯನ್ನು ಉಪದೇಶಿಸಿ ಬಂದಿದ್ದೆ. ಮೇಡಂ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ವಾದಿಸಿ ಅರ್ಧ ಅವಮಾನವನ್ನಾದರೂ ಇಳಿಸಿಕೊಳ್ಳುತ್ತಿದ್ದೆ. ಸುಮ್ಮನಿದ್ದವರ ಮುಂದೆ ಯಾವ ಚೌಕಾಸಿ ನಡೆಯುತ್ತದೆ, ಹೇಳಿ?

ಅಕ್ಕ ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಆದರೆ ಅವರು ಸೌಟು ಹಿಡಿದಾಗ ಮುಖವೆತ್ತಲು ನನಗೆ ಇಂದಿಗೂ ನಾಚಿಕೆ. ಮೊನ್ನೆ ಚಿಂತಾಮಣಿಗೆ ಹೋದೆ. ಜೊತೆ ತಪ್ಪಿದ ಆ ಒಂಟಿ ಬಟ್ಟಲು ಶೆಟ್ಟರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಹೇಳಿದ ಬೆಲೆಯನ್ನು ಹೇಳಿದ ಹಾಗೆ ತೆತ್ತೆ.

“ಏಮಮ್ಮಾ, ಮೈಗೆ ಹುಷಾರಿಲ್ವಾ?” ಎಂದು ಶೆಟ್ಟರು ಗಾಬರಿಯಾದರು.

ಚಟ ಇನ್ನೂ ಬಿಟ್ಟಿಲ್ಲ, ಆದ್ದರಿಂದ ಕೇಳಿ. ನಿಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರೆಂದು ನಿಮಗೆ ಗೊತ್ತು. ನಾಳೆ ಸಾರು ಇಳಿಸಿದ ಕೂಡಲೇ ಅವರ ಪಾಲಿನ ಗಟ್ಟಿ ಕಾಳನ್ನು ಬೇರೆ ತೆಗೆದಿಟ್ಟು, ಆಮೇಲೆ ನಿಮ್ಮ ಡಬ್ಬಿ ತುಂಬಿಕೊಳ್ಳಿ. “ಇಷ್ಟೊಂದು ಬೇಡ” ಎನ್ನುತ್ತಾರೆ, ಖಂಡಿತ ಎನ್ನುತ್ತಾರೆ. ಚೌಕಾಸಿ ಮಾಡುವುದಿದ್ದರೆ ಅಲ್ಲಿ ಮಾಡಿ. ಒಂದು ಸೌಟೂ ಕೆಳಗಿಳಿಯಬೇಡಿ.